ಜಲವರ್ಣದಲ್ಲಿ ಮನೆಬಳಕೆಯ ಪಾತ್ರೆ: ಇತಿಹಾಸದ ದೃಷ್ಟಿಯಿಂದ ಒಂದು ವಿಮರ್ಶೆ

ಹಳೆಯ ಮನೆಬಳಕೆಯ ವಸ್ತುವೊಂದನ್ನು ಎದುರಿಗಿಟ್ಟುಕೊಂಡು ಜಲವರ್ಣದಲ್ಲಿ ಬರೆದ ಅಧ್ಯಯನಚಿತ್ರವು ಇತಿಹಾಸದ ಆಕರಗಳಲ್ಲಿ ಎಣಿಕೆಗೆ ಬರತಕ್ಕುದೇ ಎಂಬುದು ಈ ಲೇಖನದ ವಿಚಾರ. ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರಹ ಇವುಗಳನ್ನು ಆಕರಗಳೆಂದು ಒಪ್ಪಿಕೊಳ್ಳುವುದರಲ್ಲಿ ನಮ್ಮ ವಿಭಾಗಗಳಿಗೆ ಸಂಕೋಚವಿಲ್ಲ. ಚಿತ್ರವೆಂದೊಡನೆ ಮಾತ್ರ ಅದನ್ನು ಕಲಾಶಾಲೆಯ ಪಾಲಿಗೆ ಬಿಟ್ಟುಕೊಡುವುದು ರೂಢಿಯಾಗಿದೆ. ದರ್ಬಾರನ್ನೋ ಯುದ್ಧವನ್ನೋ ತೋರಿಸುವ ಚಿತ್ರವಾದರೆ ಪಠ್ಯಪುಸ್ತಕದಲ್ಲಿ ಅರ್ಧ ಪುಟ ದೊರೆತೀತು. ಒಂದು ತಂಬಿಗೆಯ ಚಿತ್ರಕ್ಕೆ ಆ ಭಾಗ್ಯವಿಲ್ಲ. ಜೇವರ್ಗಿಯಂಥ ತಾಲ್ಲೂಕಿನ ಇತಿಹಾಸವನ್ನು ಬರೆಯಹೊರಟವರಿಗೆ ಈ ಉಪೇಕ್ಷೆ ದುಬಾರಿಯಾದುದು. ‘ಅಖಂಡೇಶ್ವರಾ’ ಎಂಬ ಅಂಕಿತದ ವಚನಕಾರ ಷಣ್ಮುಖ ಶಿವಯೋಗಿಗಳ ಮಠವನ್ನು ಕುರಿತು, ನಿಜಾಮರ ಆಳಿಕೆಯನ್ನು ಕುರಿತು ನಾಲ್ಕು ಮಾತು ಹೇಳಬಲ್ಲ ನಾವು, ಅದೇ ಕಾಲಗಳಲ್ಲಿ ಇಲ್ಲಿಯ ಮನೆಯೊಂದರಲ್ಲಿ ನೀರನ್ನು ಯಾವುದರಲ್ಲಿ ತುಂಬಿಡುತ್ತಿದ್ದರು, ಜೋಳವನ್ನು ಯಾವುದರಿಂದ ಅಳೆಯುತ್ತಿದ್ದರು ಎಂದು ಯಾರಾದರೂ ಕೇಳಿದರೆ ತಡವರಿಸಬೇಕಾಗುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಒಳಿತು. ಇಂಥ ಚಿತ್ರವು ಆಕರವಾಗಬಲ್ಲದು. ಆದರೆ ಪಾತ್ರೆಯನ್ನು ಅದರ ಮನೆಯಿಂದ ಬಿಡಿಸಿ ಬಿಳಿಯ ಹಾಳೆಯ ಮೇಲೆ ಒಂಟಿಯಾಗಿ ನಿಲ್ಲಿಸಿದಷ್ಟೂ ಚಿತ್ರದ ಚೆಲುವು ಹೆಚ್ಚುತ್ತದೆ, ಸಾಕ್ಷ್ಯಬಲ ಕುಗ್ಗುತ್ತದೆ. ಈ ಮಾತನ್ನು ಸಮರ್ಥಿಸಲು ನಮ್ಮ ಪ್ರದೇಶದ ಉದಾಹರಣೆಯೊಂದರಿಂದಲೇ ಆರಂಭಿಸಬಹುದು.

ಜೇವರ್ಗಿಯ ಪಶ್ಚಿಮಕ್ಕಿರುವ ವಿಜಯಪುರಕ್ಕೆ 1604ರ ಸುಮಾರಿನಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗನು ಅಲ್ಲಿ ತಂಬಾಕನ್ನು ಕಂಡು, ಅದನ್ನೂ ಅದನ್ನು ಸೇದುವ ಸಾಧನವನ್ನೂ ಆಗ್ರಾಕ್ಕೆ ಕೊಂಡೊಯ್ದುದು ಪ್ರಸಿದ್ಧವಾದ ಸಂಗತಿ. ಆ ಬಳಿಕ ದಖನ್ನಿನ ಶ್ರೀಮಂತರ ಮನೆಗಳಲ್ಲಿ ಹುಕ್ಕಾ ಒಂದು ನಿತ್ಯದ ವಸ್ತುವಾಯಿತು. ಬೀದರಿನ ಕುಶಲಕರ್ಮಿಗಳು ಸತುವಿಗೆ ಅಲ್ಪ ಪ್ರಮಾಣದ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಗಡು ತಂತಿಗಳನ್ನು ಕೂರಿಸಿ, ಕೋಟೆಯ ಮಣ್ಣು ಹಾಗೂ ನವಸಾಗರದ ಲೇಪದಿಂದ ಲೋಹವನ್ನು ಕಪ್ಪಾಗಿಸಿ ಮಾಡಿದ ಹುಕ್ಕಾದ ಬುಡಗಳು ಇಂದು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಇವುಗಳಲ್ಲಿ ಬಹುಪಾಲು ವಸ್ತುಗಳ ಮೇಲೆ ಮಾಡಿದವನ ಹೆಸರಾಗಲಿ ಕಾಲವಾಗಲಿ ಇರುವುದಿಲ್ಲ. ಹೀಗಿರಲು ಇವುಗಳ ಕಾಲನಿರ್ಣಯ ಹೇಗೆ ಸಾಧ್ಯವಾಯಿತು? ದಖನ್ನಿನ ಮತ್ತು ಮೊಗಲರ ಕಿರುಚಿತ್ರಗಳು ಇದಕ್ಕೆ ದೊಡ್ಡ ನೆರವಾದುವು. ಕಾಗದದ ಮೇಲೆ ಅಪಾರದರ್ಶಕ ಜಲವರ್ಣದಲ್ಲಿ ಬರೆದ ಆ ಚಿತ್ರಗಳಲ್ಲಿ ಅಮೀರನೊಬ್ಬನ ಪಕ್ಕದಲ್ಲಿ ಹುಕ್ಕಾ ಇರುತ್ತದೆ. ಹದಿನೇಳನೆಯ ಶತಮಾನದಿಂದ ಹದಿನೆಂಟನೆಯ ಶತಮಾನದ ಪೂರ್ವಾರ್ಧದವರೆಗೆ ಹುಕ್ಕಾದ ಬುಡವು ಚೆಂಡಿನಂತೆ ದುಂಡಗಿದ್ದು, ಉರುಳದಂತೆ ಒಂದು ಬಳೆಯ ಮೇಲೆ ಕುಳಿತಿರುತ್ತದೆ. ಅನಂತರದ ಚಿತ್ರಗಳಲ್ಲಿ ಗಂಟೆಯ ಆಕಾರದ, ಅಗಲ ತಳದ ಬುಡಗಳು ಹೆಚ್ಚು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಚಿತ್ರಗಳ ಕಾಲ ತಿಳಿದುದರಿಂದ ವಸ್ತುಗಳ ಕಾಲವನ್ನು ಊಹಿಸುವ ದಾರಿ ತೆರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಚಿತ್ರಕಾರನ ಉದ್ದೇಶ ಹುಕ್ಕಾವನ್ನು ದಾಖಲಿಸುವುದಾಗಿರಲಿಲ್ಲ. ಅವನಿಗೆ ಬೇಕಾಗಿದ್ದುದು ಅಮೀರನ ಮುಖ, ಪೋಷಾಕು, ಠೀವಿ. ಹುಕ್ಕಾ ಅಲ್ಲಿಗೆ ಬಂದುದು ಅದು ಅಲ್ಲಿದ್ದುದರಿಂದ. ಅದರ ಕೆಳಗೆ ಬಳೆಯಿದೆ, ಬಳೆಯ ಕೆಳಗೆ ಜಮಖಾನೆಯಿದೆ, ನಳಿಕೆಯ ತುದಿ ಒಬ್ಬನ ಕೈಯಲ್ಲಿದೆ, ಹಿಂದೆ ಒಬ್ಬ ಸೇವಕ ನಿಂತಿದ್ದಾನೆ. ಬುಡದಿಂದ ಬೇರ್ಪಟ್ಟು ಬಂದ ಬಳೆಯೊಂದು ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದರೆ ಅದು ಏನೆಂದು ನೋಡಿದವರಿಗೆ ತಿಳಿಯುವುದು ಕಷ್ಟ. ಚಿತ್ರ ಅದನ್ನು ಒಂದೇ ನೋಟಕ್ಕೆ ತಿಳಿಸುತ್ತದೆ. ಅಳತೆಯಲ್ಲಿ ಆ ಚಿತ್ರಗಳು ನಂಬತಕ್ಕವಲ್ಲ, ಬೆಳ್ಳಿಯ ಹೂಬಳ್ಳಿಯ ಎಸಳುಗಳನ್ನು ಎಣಿಸಿ ಬರೆದವೂ ಅಲ್ಲ. ಆದರೂ ಇತಿಹಾಸಕಾರನಿಗೆ ಅವು ಕೊಟ್ಟಷ್ಟನ್ನು ನಿಖರವಾದ ನಕಾಶೆಯೊಂದು ಕೊಡಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸ್ಥಿತಿ ಬದಲಾಯಿತು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬೀದರಿ ಸಾಮಾನುಗಳು ಪ್ರದರ್ಶಿತವಾದ ಮೇಲೆ ಹುಕ್ಕಾದ ಬುಡವು ಮನೆಯ ವಸ್ತುವಾಗಿರುವುದರ ಜೊತೆಗೆ ಒಂದು ಮಾದರಿಯೂ ಆಯಿತು. 1884ರಲ್ಲಿ ಆರಂಭವಾಗಿ 1917ರವರೆಗೆ ನಡೆದ ಭಾರತೀಯ ಕಲೆಯ ಆಂಗ್ಲ ನಿಯತಕಾಲಿಕೆಯ ಬಣ್ಣದ ಪುಟಗಳನ್ನು ನೋಡಿದವರಿಗೆ ಈ ಮಾತು ಸ್ಪಷ್ಟವಾಗುವುದು. ಲಾಹೋರಿನ ಮೇಯೋ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಜಾನ್ ಲಾಕ್‌ವುಡ್ ಕಿಪ್ಲಿಂಗರು ತಮ್ಮ ವಿದ್ಯಾರ್ಥಿಗಳಿಂದ ಪಾತ್ರೆ, ಕೆತ್ತನೆ, ಬಟ್ಟೆಗಳ ಚಿತ್ರಗಳನ್ನು ಬರೆಯಿಸಿದರು. ಅವರ ಶ್ರದ್ಧೆ ದೊಡ್ಡದು, ವಿದ್ಯಾರ್ಥಿಗಳ ಕೈ ಪಳಗಿದುದು. ಆದರೆ ಪತ್ರಿಕೆಯ ಗುರಿ ಕರಕುಶಲ ವಸ್ತುಗಳ ವ್ಯಾಪಾರ ಹಾಗೂ ವಿನ್ಯಾಸ. ಆದುದರಿಂದ ಜಮಖಾನೆ, ಕೈ, ಸೇವಕ ಇವರೆಲ್ಲ ಪುಟದಿಂದ ಹೊರಬಿದ್ದರು. ಹೂಬಳ್ಳಿ ಮಾತ್ರ ಉಳಿಯಿತು.

ಒಂಟಿ ವಸ್ತುವಿನ ಈ ಚಿತ್ರಪದ್ಧತಿ ತನ್ನ ಪರಾಕಾಷ್ಠೆಯನ್ನು ಮುಟ್ಟಿದುದು ಅಮೆರಿಕದಲ್ಲಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಕಲಾವಿದರಿಗೆ ಕೂಲಿ ಒದಗಿಸಲೆಂದು ಅಲ್ಲಿಯ ಸರಕಾರ ಕೈಕೊಂಡ ಯೋಜನೆಗಳಲ್ಲಿ ‘ಅಮೆರಿಕನ್ ವಿನ್ಯಾಸ ಸೂಚಿ’ ಎಂಬುದೂ ಒಂದು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಚಿತ್ರವಿಭಾಗದ ರೊಮಾನಾ ಜಾವಿಟ್ಸ್ ಹಾಗೂ ವಸ್ತ್ರವಿನ್ಯಾಸಕಿ ರೂತ್ ರೀವ್ಸ್ ಇದರ ಕಲ್ಪನೆಯನ್ನು ಮುಂದಿಟ್ಟವರು. ಹೋಲ್ಗರ್ ಕೇಹಿಲ್ ಸಮಗ್ರ ಕಲಾಯೋಜನೆಯ ನಿರ್ದೇಶಕರು. 1935ರಿಂದ 1942ರವರೆಗೆ ನಡೆದ ಈ ಕಾರ್ಯದ ಫಲವಾಗಿ ಕುರ್ಚಿ, ಪೆಟ್ಟಿಗೆ, ಕೌದಿ, ಕಬ್ಬಿಣದ ಬಾಣಲೆ, ಮಣ್ಣಿನ ಜಾಡಿ, ಬೊಂಬೆ ಮೊದಲಾದವುಗಳ 18,000ಕ್ಕೂ ಮಿಕ್ಕಿದ ಚಿತ್ರಗಳು ಸಿದ್ಧವಾದುವು. 1943ರಲ್ಲಿ ಅವು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯನ್ನು ಸೇರಿದುವು.

ಈ ಚಿತ್ರಗಳ ವಿಧಾನ ವಿಚಾರಾರ್ಹವಾಗಿದೆ. ಛಾಯಾಚಿತ್ರವನ್ನು ಬಿಟ್ಟು ಜಲವರ್ಣವನ್ನೇ ಆರಿಸಿಕೊಂಡುದಕ್ಕೆ ಕಾರಣಗಳಿದ್ದುವು. ಬಣ್ಣದ ಛಾಯಾಚಿತ್ರಕಲೆ ಆಗಿನ್ನೂ ಬಾಲ್ಯದಲ್ಲಿದ್ದಿತು. ಅದಕ್ಕಿಂತ ಮುಖ್ಯವಾಗಿ, ಮರದ ಎಳೆ, ಲೋಹದ ತಣ್ಪು, ನೂಲಿನ ಮೃದುತ್ವ ಇವುಗಳನ್ನು ಕಣ್ಣು ಕೈಗಳು ತೂಗಿ ನೋಡಿ ತಿಳಿಸಬಲ್ಲುವೆಂಬ ನಂಬಿಕೆಯಿದ್ದಿತು. ಬಾಸ್ಟನ್ನಿನ ಕಲಾವಿದರಿಗೆ ಈ ತಂತ್ರವನ್ನು ಕಲಿಸಿದವರು ಸುಜೇನ್ ಚಾಪ್ಮನ್. ಅವರು ಈಜಿಪ್ಟಿನ ಪ್ರಾಚೀನ ಗೋರಿಗಳ ಉಬ್ಬುಶಿಲ್ಪಗಳನ್ನು ಬಣ್ಣದಲ್ಲಿ ಪ್ರತಿಮಾಡುತ್ತಿದ್ದ ಜೋಸೆಫ್ ಲಿಂಡನ್ ಸ್ಮಿತ್ತರ ವಿಧಾನದಲ್ಲಿ ಪಳಗಿದವರು. ಅಂದರೆ ಪುರಾತತ್ವದ ಕೈ ಅಡುಗೆಮನೆಯ ಜಾಡಿಗೆ ಬಂದಿತು. ಇದು ಅಲ್ಪ ಸಾಧನೆಯಲ್ಲ. ತೆಳುವಾದ ಬಣ್ಣದ ನೀರನ್ನು ಪದರಪದರವಾಗಿ ಹಾಯಿಸುತ್ತ, ಹೊಳಪು ಬೇಕಾದೆಡೆ ಕಾಗದದ ಬಿಳಿಯನ್ನೇ ಉಳಿಸುತ್ತ, ಒಂದು ಪಾತ್ರೆಯ ಮುಂದೆ ದಿನಗಟ್ಟಲೆ ಕುಳಿತು ಬರೆದ ಚಿತ್ರಗಳವು.

ಪಾರದರ್ಶಕ ಜಲವರ್ಣದಲ್ಲಿ ಬಿಳಿಯನ್ನು ಬಳಿಯುವಂತಿಲ್ಲ, ಮುಂದಾಗಿಯೇ ಕಾಯ್ದಿರಿಸಬೇಕು. ಬೀದರಿ ಹುಕ್ಕಾವೊಂದನ್ನು ಈ ವಿಧಾನದಲ್ಲಿ ಬರೆಯಲು ಹೊರಟವನ ಕಷ್ಟವನ್ನು ವಾಚಕರು ಊಹಿಸಿಕೊಳ್ಳಬಹುದು: ಬೆಳಕನ್ನು ನುಂಗುವ ಕಪ್ಪಿನ ನಡುವೆ ಕೂದಲೆಳೆಯಷ್ಟು ತೆಳುವಾದ ಬೆಳ್ಳಿಯ ಗೆರೆಯೊಂದೊಂದನ್ನೂ ಬಣ್ಣ ಸೋಕದ ಕಾಗದವಾಗಿ ಉಳಿಸಬೇಕು. ದಖನ್ನಿನ ಚಿತ್ರಕಾರನಿಗೆ ಈ ಪೇಚು ಇರಲಿಲ್ಲ. ಕಪ್ಪಿನ ಮೇಲೆ ಬಿಳಿಯನ್ನೋ ಬೆಳ್ಳಿಯ ಬಣ್ಣವನ್ನೋ ಇಟ್ಟರೆ ತೀರಿತು. ಆದರೆ ಈ ಕಷ್ಟದಲ್ಲಿಯೇ ಒಂದು ಲಾಭವುಂಟು. ಬರೆಯುವವನು ಯಾವುದು ಮೊದಲಾಯಿತು, ಯಾವುದರ ಮೇಲೆ ಯಾವುದು ಕುಳಿತಿದೆ, ಎಲ್ಲಿ ಬೆಳ್ಳಿ ಉದುರಿ ಬರಿಯ ತೋಡು ಉಳಿದಿದೆ ಎಂಬುದನ್ನು ತಿಳಿಯದೆ ಕುಂಚವನ್ನು ಮುಂದಿಡಲಾರ. ನೋಡುವುದು ಇಲ್ಲಿ ಒಂದು ಬಗೆಯ ಓದು. ಶಾಸನದ ಅಚ್ಚು ತೆಗೆಯುವಾಗ ನಾವು ಕಲ್ಲಿನ ಮುಂದೆ ತೋರುವ ತಾಳ್ಮೆ ಇದಕ್ಕಿಂತ ಬೇರೆಯಲ್ಲ.

ಇಷ್ಟನ್ನು ಮೆಚ್ಚಿದ ಮೇಲೆ ನಮ್ಮ ಆಕ್ಷೇಪಗಳನ್ನು ಹೇಳಬೇಕು. ಆ ಸೂಚಿಯ ಬಹುತೇಕ ಹಾಳೆಗಳಲ್ಲಿ ವಸ್ತುವು ಶೂನ್ಯದಲ್ಲಿ ನಿಂತಿರುತ್ತದೆ. ಕೆಳಗೊಂದು ಮೆದುನೆರಳು, ಉಳಿದುದೆಲ್ಲ ಬಿಳಿ. ಎಲ್ಲಿಯದು, ಯಾರದು, ಎಷ್ಟು ಅಳತೆಯದು ಎಂಬ ವಿವರಗಳು ಪ್ರತ್ಯೇಕವಾದ ಮಾಹಿತಿಪತ್ರದಲ್ಲಿರುತ್ತವೆ. ಚಿತ್ರವು ಪುಸ್ತಕಕ್ಕೆ ಹೋದಾಗ, ಗೋಡೆಗೆ ಹೋದಾಗ, ಪತ್ರ ಕಡತದಲ್ಲಿಯೇ ಉಳಿಯುತ್ತದೆ. ವಸ್ತುವನ್ನು ಮನೆಯಿಂದಲೂ ವಿವರವನ್ನು ವಸ್ತುವಿನಿಂದಲೂ ಅಗಲಿಸುವ ಈ ಎರಡು ಬೇರ್ಪಡೆಗಳು ಸೇರಿ ಬಾಣಲೆಯೊಂದನ್ನು ಶಿಲ್ಪವನ್ನಾಗಿ ಮಾರ್ಪಡಿಸಿಬಿಡುತ್ತವೆ. ಕೇಹಿಲರಿಗೆ ಇದು ದೋಷವಾಗಿ ತೋರಿರಲಾರದು. ಅವರು ಜಾನಪದ ಕಲೆಯ ಅಭಿಮಾನಿಗಳು, ಅಮೆರಿಕಕ್ಕೆ ತನ್ನದೇ ಆದ ವಿನ್ಯಾಸಪರಂಪರೆಯುಂಟೆಂದು ತೋರಿಸಲು ಬಯಸಿದವರು. ಇನ್ನೊಂದು ಆಕ್ಷೇಪ ಇದಕ್ಕಿಂತ ಗುರುತರವಾದುದು. ಆ ನೆಲದ ಮೂಲನಿವಾಸಿಗಳ ವಸ್ತುಗಳನ್ನು ಸೂಚಿಯಿಂದ ಹೊರಗಿಡಲಾಯಿತು. ಅವು ಮಾನವಕುಲಶಾಸ್ತ್ರಜ್ಞರ ವಿಷಯವೆಂದು ಬಗೆಯಲಾಯಿತು. ವಲಸೆ ಬಂದವನ ಜಾಡಿ ‘ವಿನ್ಯಾಸ’, ಮೂಲನಿವಾಸಿಯ ಬುಟ್ಟಿ ‘ಕುಲಶಾಸ್ತ್ರ’. ಯಾವ ವಸ್ತುವನ್ನು ಬರೆಯಬೇಕೆಂಬ ತೀರ್ಮಾನದಲ್ಲಿಯೇ ಇತಿಹಾಸದ ಅರ್ಧಭಾಗ ನಿಶ್ಚಯವಾಗಿಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ದೂರದ ದೇಶದ ಈ ವೃತ್ತಾಂತ ಜೇವರ್ಗಿಗೆ ಏಕೆಂದು ಕೇಳಬಹುದು. ಆ ಸೂಚಿಯ ಮೊದಲ ರಾಷ್ಟ್ರೀಯ ಸಂಯೋಜಕಿಯಾಗಿದ್ದ ರೂತ್ ರೀವ್ಸ್ 1956ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಭಾರತಕ್ಕೆ ಬಂದರು. ಇಲ್ಲಿಯ ಕರಕುಶಲಗಳ ಅಧ್ಯಯನದಲ್ಲಿ ಉಳಿದ ಆಯುಷ್ಯವನ್ನು ಕಳೆದರು, ಮೇಣದ ಎರಕವಿಧಾನವನ್ನು ಕುರಿತು 1962ರಲ್ಲಿ ಪುಸ್ತಕ ಪ್ರಕಟಿಸಿದರು, 1966ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಭಾರತದ ಮಹಾನೋಂದಣಾಧಿಕಾರಿಯ ಕಾರ್ಯಾಲಯ ಅಶೋಕ ಮಿತ್ರರ ನೇತೃತ್ವದಲ್ಲಿ 1961ರ ಜನಗಣತಿಯೊಂದಿಗೆ ಕೈಕೊಂಡ ಕರಕುಶಲ ಸಮೀಕ್ಷೆಗಳಿಗೆ ಅವರ ಅನುಭವದ ನೆರವು ದೊರೆಯಿತು. ಅದೇ ಜನಗಣತಿಯ ಗ್ರಾಮಸಮೀಕ್ಷೆಗಳಲ್ಲಿ ಆಯ್ದ ಹಳ್ಳಿಗಳ ಮನೆಯ ಕಟ್ಟಡ, ಉಡುಪು, ಪಾತ್ರೆಪಡಗಗಳ ವಿವರಗಳುಂಟು. ಅಲ್ಲಿ ಪಾತ್ರೆಯು ಪುನಃ ಮನೆಯೊಳಕ್ಕೆ ಬಂದಿತು. ಚಿತ್ರಗಳು ಒರಟಾಗಿರಬಹುದು, ಆದರೆ ಇಂಥ ಜಾತಿಯ, ಇಂಥ ಕಸುಬಿನ ಮನೆಯಲ್ಲಿ ಇಂತಿಂಥ ಪಾತ್ರೆಗಳೆಂಬ ಮಾಹಿತಿ ಜೊತೆಗಿದೆ. ಬಿಳಿಯ ಹಾಳೆಯ ಚೆಲುವಿಗಿಂತ ನಾವು ಈ ಒರಟುತನವನ್ನೇ ಮೇಲೆಂದು ಎಣಿಸುತ್ತೇವೆ.

ಇದೇ ಕಾಲದ ಇನ್ನೊಂದು ದಾಖಲೆಯನ್ನೂ ಇಲ್ಲಿ ನೆನೆಯಬೇಕು. ಭಾರತ ಸರಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ವಿನ್ಯಾಸಕ ದಂಪತಿಗಳಾದ ಚಾರ್ಲ್ಸ್ ಹಾಗೂ ರೇ ಈಮ್ಸ್ 1958ರಲ್ಲಿ ಸಲ್ಲಿಸಿದ ವರದಿಯಲ್ಲಿ ನಮ್ಮ ತಂಬಿಗೆಯನ್ನು ತಾವು ಭಾರತದಲ್ಲಿ ಕಂಡ ಅತ್ಯಂತ ಶ್ರೇಷ್ಠ ವಸ್ತುವೆಂದು ಕೊಂಡಾಡಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಸ್ಥಾಪಿತವಾದುದು ಈ ವರದಿಯ ಫಲವಾಗಿ. ತಂಬಿಗೆಯನ್ನು ಅವರು ಬಣ್ಣಿಸಿದ ರೀತಿ ಬೆರಗುಗೊಳಿಸುವಂಥದು: ಎಷ್ಟು ನೀರು ಹಿಡಿಯಬೇಕು, ಹೊರುವವರ ಕೈಯ ಬಲವೆಷ್ಟು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಬರಿದಾದಾಗ ತೂಕ ಹೇಗೆ ನಿಲ್ಲುತ್ತದೆ, ಒಳಗೆ ಕೈ ಹಾಕಿ ತೊಳೆಯಲಾದೀತೆ, ಬೆಲೆಯೆಷ್ಟು, ಹಳತಾದರೆ ಲೋಹಕ್ಕೇನು ಬರುತ್ತದೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಇವು ಒಳ್ಳೆಯ ಪ್ರಶ್ನೆಗಳು. ಜಲವರ್ಣ ಬರೆಯುವ ವಿದ್ಯಾರ್ಥಿ ಇವನ್ನು ಎದುರಿಗಿಟ್ಟುಕೊಂಡು ಕೂರಬೇಕು. ಆದರೆ ಈಮ್ಸ್ ದಂಪತಿಗಳ ತಂಬಿಗೆ ತಲೆಮಾರುಗಳ ಅನಾಮಿಕ ಸೃಷ್ಟಿ. ಯಾವ ಮನೆಯದೂ ಅಲ್ಲ. ಇತಿಹಾಸಕ್ಕೆ ಬೇಕಾಗುವುದು ಒಂದು ಮನೆಯ ಒಂದು ತಂಬಿಗೆ.

ಅಂಥದೊಂದು ನಮ್ಮ ಮುಂದಿದೆ. ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ವಿದ್ಯಾರ್ಥಿನಿಯೊಬ್ಬರು ಅಭ್ಯಾಸಕ್ಕಾಗಿ ಬರೆದು ತಂದ ಜಲವರ್ಣದ ಹಾಳೆಯದು. ಬಣ್ಣಗಾರಿಕೆ ಮೆಚ್ಚತಕ್ಕದ್ದಾಗಿದೆ. ಹಿತ್ತಾಳೆಯ ಹಳದಿಯನ್ನು ಒಂದೇ ಬಣ್ಣವೆಂದು ಭಾವಿಸದೆ, ಕಂಠದ ಬಳಿ ಹಸುರು ಛಾಯೆಯನ್ನೂ ಹೊಟ್ಟೆಯ ಮೇಲೆ ನೆಲದ ಕೆಂಪಿನ ಪ್ರತಿಫಲನವನ್ನೂ ಗುರುತಿಸಿದ್ದಾರೆ. ಒಂದು ಮಗ್ಗುಲಿಗೆ ಬಿದ್ದಿರುವ ತಗ್ಗನ್ನು ಸರಿಪಡಿಸಿ ಬರೆಯುವ ಆಸೆಗೆ ಬಲಿಯಾಗಿಲ್ಲ. ತಳದ ಅಂಚು ಸವೆದು ಮೊಂಡಾಗಿರುವುದೂ ಚಿತ್ರದಲ್ಲಿದೆ. ಹಾಳೆಯ ಕೆಳಗೆ ‘ಹಿತ್ತಾಳೆಯ ಪಾತ್ರೆ’ ಎಂದಷ್ಟೇ ಬರೆಯಲಾಗಿತ್ತು. ಮನೆಯಲ್ಲಿ ಇದನ್ನು ಏನೆನ್ನುವಿರೆಂದು ಕೇಳಲಾಗಿ ‘ಚರಗಿ’ ಎಂಬ ಉತ್ತರ ಬಂದಿತು. ಮನೆಯ ಮಾತು ಹಾಳೆಗೆ ಯೋಗ್ಯವಲ್ಲವೆಂಬ ಭಾವನೆಯನ್ನು ಆ ಹುಡುಗಿಗೆ ಕಲಿಸಿದವರು ಅಧ್ಯಾಪಕವರ್ಗದ ನಾವೇ ಅಲ್ಲದೆ ಬೇರಾರೂ ಅಲ್ಲ.

ವಸ್ತುವನ್ನೇ ತರಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು. ಚಿತ್ರದಲ್ಲಿ ಕಾಣದ ಹಿಂಬದಿಯಲ್ಲಿ, ಕಂಠದ ಕೆಳಗೆ, ಉಳಿಯಿಂದ ಚುಕ್ಕೆಚುಕ್ಕೆಯಾಗಿ ಹೊಡೆದ ಅಕ್ಷರಗಳಿದ್ದುವು: ಒಬ್ಬ ಹೆಂಗಸಿನ ಹೆಸರು, ಒಂದು ಊರಿನ ಹೆಸರು. ಅದು ಆ ಮನೆಗೆ ಸೊಸೆಯಾಗಿ ಬಂದ ಅಜ್ಜಿಯ ತವರೂರು. ಅಕ್ಷರಗಳು ಹೊಳಪನ್ನು ಕೆಡಿಸುತ್ತವೆಂದು ಆ ಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ ಬರೆಯಲಾಗಿತ್ತು. ಚಿತ್ರದ ಚೆಲುವಿಗಾಗಿ ಇತಿಹಾಸಕ್ಕೆ ಬೆನ್ನು ಮಾಡಿಸಿದಂತಾಯಿತು. ಆಸ್ತಿಯ ಕಡತಗಳಲ್ಲಿ ಹೆಂಗಸಿನ ಹೆಸರು ಅಪರೂಪ. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಗಳ ಮೇಲೆ ಮಾತ್ರ ಅದು ಲೋಹದಲ್ಲಿ ನಿಂತಿರುತ್ತದೆ. ಒಂದು ಹಳ್ಳಿಯ ಹತ್ತು ಮನೆಗಳ ಇಂಥ ಹೆಸರುಗಳನ್ನು ಕೂಡಿಸಿದರೆ ಯಾವ ಊರಿಗೂ ಯಾವ ಊರಿಗೂ ಕೊಡುಕೊಳ್ಳುವಿಕೆ ಇದ್ದಿತು, ಭೀಮೆಯ ಆಚೆಗೆ ಹೆಣ್ಣು ಕೊಡುತ್ತಿದ್ದರೇ ಎಂಬುದಕ್ಕೆ ಆಧಾರ ದೊರೆಯುತ್ತದೆ. ಅಕ್ಷರ ಕನ್ನಡದ್ದೋ, ಮರಾಠಿಯದೋ, ಉರ್ದುವಿನದೋ ಎಂಬುದೂ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಭಾಗದಲ್ಲಿ ಒಂದು ಸಾಕ್ಷ್ಯವೇ. ವರ್ಷವೇನಾದರೂ ಇದ್ದರೆ ಅದು ಶಕವರ್ಷವೋ, ಕ್ರಿಸ್ತಶಕವೋ, ಹೈದರಾಬಾದು ಸಂಸ್ಥಾನದ ಫಸಲಿಯೋ ಎಂದು ವಿಚಾರಿಸಬೇಕು; ಫಸಲಿ 1350 ಎಂದಿದ್ದರೆ ಅದು ಸುಮಾರು 1940-41. ಹುಣಸೆಹಣ್ಣು ಬೂದಿಗಳಿಂದ ತಿಕ್ಕಿ ತಿಕ್ಕಿ ಅಕ್ಷರಗಳು ಎಷ್ಟು ಸವೆದಿವೆ ಎಂಬುದು ಕೂಡ ಕಾಲವನ್ನೂ ಕೆಲಸವನ್ನೂ ಕುರಿತು ಏನನ್ನೋ ಹೇಳುತ್ತದೆ. ಸವೆತವನ್ನು ತೋರಿಸುವುದರಲ್ಲಿ ಜಲವರ್ಣಕ್ಕೆ ಸಮಾನವಾದ ಸಾಧನ ಕಡಿಮೆ.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನಿನ ಕ್ಯಾಮೆರಾ ಇರುವಾಗ ಕುಂಚವೇಕೆಂಬ ಪ್ರಶ್ನೆ ಸಹಜವಾದುದು. ಛಾಯಾಚಿತ್ರವನ್ನು ಅಗತ್ಯವಾಗಿ ತೆಗೆಯಲಿ, ನಾಲ್ಕೂ ಮಗ್ಗುಲಿನಿಂದ ತೆಗೆಯಲಿ. ಆದರೆ ಛಾಯಾಚಿತ್ರ ತೆಗೆದವನು ಐದು ನಿಮಿಷದಲ್ಲಿ ಮನೆಯಿಂದ ಹೊರಡುತ್ತಾನೆ. ಜಲವರ್ಣ ಬರೆಯುವವನು ಒಂದು ಹಗಲು ಆ ಮನೆಯಲ್ಲಿ ಕೂರಬೇಕು. ಒಂದು ಪದರ ಒಣಗುವವರೆಗೆ ಕಾಯುವಾಗ ಮನೆಯವರು ಮಾತನಾಡುತ್ತಾರೆ: ಇದನ್ನು ಯಾರು ತಂದರು, ಇದರ ಜೊತೆಯ ಹಂಡೆ ಯಾವ ಬರದ ವರ್ಷ ಮಾರಾಟವಾಯಿತು, ಕಲಾಯಿ ಹಾಕುವವನು ಯಾವ ತಿಂಗಳಲ್ಲಿ ಊರಿಗೆ ಬರುತ್ತಿದ್ದ. ಈ ಮಾತುಗಳನ್ನು ಹಾಳೆಯ ಅಂಚಿನಲ್ಲಿಯೇ, ಚಿತ್ರದೊಡನೆ ಬೇರ್ಪಡದಂತೆ, ಬರೆದಿಡಬೇಕು. ಪ್ರತ್ಯೇಕ ಪತ್ರದ ಪಾಡೇನಾಗುತ್ತದೆಂಬುದನ್ನು ಮೇಲೆ ಕಂಡಿದ್ದೇವೆ. ಪಾತ್ರೆಯ ಪಕ್ಕದಲ್ಲಿ ಅಳತೆಯ ಗೆರೆಯೊಂದು, ಲೋಹದ ದಪ್ಪವನ್ನು ತಿಳಿಸುವ ಅರ್ಧಛೇದದ ರೇಖಾಚಿತ್ರವೊಂದು, ಹಾಗೂ ಅದು ಇರುತ್ತಿದ್ದ ಜಾಗದ ಚಿಕ್ಕ ನಕಾಶೆಯೊಂದು ಇದ್ದರೆ ಹಾಳೆ ಪೂರ್ಣವಾಗುವುದು. ಬೀದರಿ ಹುಕ್ಕಾದ ಕೆಳಗಿನ ಜಮಖಾನೆಯ ಸ್ಥಾನದಲ್ಲಿ ಇಲ್ಲಿ ಬಚ್ಚಲಿನ ಕಲ್ಲು ಬಂದೀತು, ಅಷ್ಟೇ.

ಕಾಲ ಮಾತ್ರ ಹೆಚ್ಚು ಉಳಿದಿಲ್ಲ. ತಾಮ್ರ ಹಿತ್ತಾಳೆಗಳನ್ನು ತೂಕಕ್ಕೆ ಕೊಟ್ಟು ಸ್ಟೀಲಿನ ಪಾತ್ರೆ ಕೊಳ್ಳುವುದು ಈ ಭಾಗದ ಮನೆಗಳಲ್ಲಿ ಎರಡು ತಲೆಮಾರುಗಳಿಂದ ನಡೆದುಬಂದಿದೆ. ಮನೆಯವರನ್ನು ಇದಕ್ಕಾಗಿ ದೂರುವುದು ಅನ್ಯಾಯ. ದಿನಕ್ಕೆರಡು ಬಾರಿ ಹುಣಸೆಹಣ್ಣಿನಿಂದ ತಿಕ್ಕಿದವರಿಗೆ ಆ ಭಾರ ಗೊತ್ತು. ಮೂಟೆಯಲ್ಲಿ ಹೋದ ಪಾತ್ರೆ ಕರಗುತ್ತದೆ. ಹಳೆಯ ಸಾಮಾನಿನ ವ್ಯಾಪಾರಿಯ ಮೂಲಕ ಪಟ್ಟಣದ ದಿವಾನಖಾನೆಗೆ ಹೋದ ಪಾತ್ರೆ ಉಳಿದರೂ ಊರು ಹೆಸರುಗಳನ್ನು ಕಳೆದುಕೊಂಡು ಉಳಿಯುತ್ತದೆ. ಚಿತ್ರಕಲೆಯ ಪರಂಪರೆ ನಮ್ಮಲ್ಲಿ ಇಲ್ಲದಿಲ್ಲ. ವೆಂಕಟಪ್ಪನವರ ಜಲವರ್ಣದಲ್ಲಿ ಊಟಿಯ ಬೆಟ್ಟಗಳ ಮಂಜು ಎಷ್ಟು ಸೂಕ್ಷ್ಮವಾಗಿ ಬಂದಿದೆಯೆಂಬುದನ್ನು ಬೆಂಗಳೂರಿನಲ್ಲಿ ಕಂಡವರು ಬಲ್ಲರು. ಕಲಬುರಗಿಯಲ್ಲಿಯೇ 1916ರಲ್ಲಿ ಜನಿಸಿದ ಎಸ್. ಎಂ. ಪಂಡಿತರ ದೇವದೇವಿಯರ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ದೇಶದ ಮನೆಮನೆಗಳ ಗೋಡೆಗೆ ಬಂದುವು. ಆ ಗೋಡೆಯ ಕೆಳಗಿದ್ದ ಕೊಡ ಚರಗಿಗಳನ್ನು ಬರೆಯುವ ಕೆಲಸ ಉಳಿದಿದೆ.

ಇದನ್ನು ಆರಂಭಿಸುವಾಗ ಅಮೆರಿಕದವರು ಮಾಡಿದ ಆಯ್ಕೆಯ ತಪ್ಪು ನಮ್ಮಿಂದ ಆಗಬಾರದು. ಹಿತ್ತಾಳೆ ತಾಮ್ರಗಳು ಎಲ್ಲರ ಮನೆಯಲ್ಲಿರಲಿಲ್ಲ. ಹೆಸರು ಹೊಡೆಸಿದ ಚರಗಿ ಉಳ್ಳವರ ಮನೆಯದು; ಹೊಲಗೆಲಸದ ಕೂಲಿಯವರ ಮನೆಯಲ್ಲಿದ್ದುದು ಬಹುತೇಕ ಮಣ್ಣು. ಚೆಲುವಾದುದನ್ನೇ ಹುಡುಕಿ ಬರೆದರೆ ತಾಲ್ಲೂಕಿನ ಅರ್ಧಕ್ಕೂ ಹೆಚ್ಚು ಮನೆಗಳು ಚಿತ್ರದಿಂದ ಹೊರಗುಳಿಯುತ್ತವೆ. ಗಡಿಗೆಯ ಮೇಲೆ ಹೆಸರಿರುವುದಿಲ್ಲ, ಊರಿರುವುದಿಲ್ಲ, ತೂಕಕ್ಕೆ ಕೊಟ್ಟರೆ ಬೆಲೆಯೂ ಬರುವುದಿಲ್ಲ. ಒಡೆದ ದಿನ ತಿಪ್ಪೆ ಸೇರುತ್ತದೆ. ಆದರೆ ಒಲೆಯ ಉರಿ ಯಾವ ಮಗ್ಗುಲಿಗೆ ಹೆಚ್ಚು ತಾಗಿತು, ಕಟ್ಟಿಗೆ ಉರಿಸಿದರೋ ಕುಳ್ಳು ಉರಿಸಿದರೋ, ಅಂಬಲಿ ಉಕ್ಕಿ ಎಲ್ಲಿಯವರೆಗೆ ಇಳಿಯಿತು, ಬಿರುಕಿಗೆ ಏನನ್ನು ಮೆತ್ತಿದರು ಎಂಬುದು ಅದರ ಕಪ್ಪಿನಲ್ಲಿದೆ. ಆ ಕಪ್ಪು ಬೀದರಿಯ ಕಪ್ಪಿಗಿಂತ ಬರೆಯಲು ಕಷ್ಟವಾದುದು, ಏಕೆಂದರೆ ಅದು ಒಂದು ಕಪ್ಪಲ್ಲ. ವಿದ್ಯಾರ್ಥಿಗಳ ಮುಂದಿನ ಅಭ್ಯಾಸಕ್ಕೆ ನಾವು ಆರಿಸಿಕೊಂಡಿರುವುದು ಅಂಥದೊಂದು ಗಡಿಗೆಯನ್ನು.